ಕಪ್ ತಂದ ಮಹಾನುಭಾವ

ಬಿಳಿ ಬೂಟು ಹಾಕಿಕೊಂಡು ಮಣ್ಣಿನ ಅಂಕಣದ ಪಕ್ಕ ಕೂರುವ ಮನುಷ್ಯನನ್ನು ನಾನು ಯಾವತ್ತೂ ನಂಬಿದವನಲ್ಲ. ನಮ್ಮ ಮಧುಗಿರಿಯ ವಾಲಿಬಾಲ್ ಅಂಕಣ ಅಂದರೆ ಬರೀ ಕೆಮ್ಮಣ್ಣು. ಹೊರಗೆ ಹೋದ ಬಾಲನ್ನು ಒಂದು ಸಲ ಎತ್ತಿಕೊಡಲು ಹೋದರೂ ಸಾಕು, ಮೊಣಕಾಲಿನವರೆಗೆ ಕೆಂಪಾಗಿ ಬರುತ್ತೀರಿ. ಅಂಥ ಜಾಗದಲ್ಲಿ ಈ ಮಹಾಶಯನ ಬೂಟು ವರ್ಷಗಟ್ಟಲೆ ಬೆಳ್ಳಗೇ ಇತ್ತು. ಅದೊಂದನ್ನು ನೋಡಿಯೇ ಊರು ಅರ್ಥ ಮಾಡಿಕೊಳ್ಳಬೇಕಿತ್ತು. ಊರಿಗೆ ಎಲ್ಲಿ ಬರಬೇಕು ಅಷ್ಟು ಬುದ್ಧಿ!

ಊರಿನವರೆಲ್ಲ ‘ಮ್ಯಾನೇಜರ್ ಸಾರ್’ ಅನ್ನುತ್ತಿದ್ದರು. ಮೈಕಿನಲ್ಲಿ ನಾನೂ ಹಾಗೇ ಕೂಗಬೇಕಿತ್ತು. ಬರೆಯುವಾಗ ಮಾತ್ರ ಆ ಮರ್ಯಾದೆ ನನ್ನ ಕೈಲಾಗದು, ‘ಆತ’ ಅಂತಲೇ ಬರೆಯುತ್ತೇನೆ. ಹೆಸರನ್ನಂತೂ ಬರೆಯುವುದಿಲ್ಲ. ಸಿಕ್ಕಸಿಕ್ಕ ಫ್ಲೆಕ್ಸಿನಲ್ಲೆಲ್ಲ ಹಾಕಿಸಿಕೊಂಡಿದ್ದಾನೆ, ಅಷ್ಟು ಸಾಕು.

ನನ್ನದು ಗೊಬ್ಬರದ ಅಂಗಡಿ. ಭಾನುವಾರ ಪಂದ್ಯ ಇದ್ದರೆ ಬಾಗಿಲು ಎಳೆದು ಕಾಮೆಂಟ್ರಿಗೆ ಹೋಗುತ್ತೇನೆ. ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಪಂದ್ಯಾವಳಿ ಆದರೂ ನನಗೆ ಫೋನ್ ಬರುತ್ತದೆ, ಊರಲ್ಲಿ ನನ್ನ ಹೆಸರೇ ಮೈಕಪ್ಪ ಆಗಿಹೋಗಿದೆ. ಮೈಕಿನ ಮೇಜು ಹಾಕುವುದು ಮ್ಯಾನೇಜರ ಕುರ್ಚಿಯ ಪಕ್ಕದಲ್ಲೇ. ಹಾಗಾಗಿ ಊರಿಗೆ ಆತನ ಕಪ್ ಕಂಡಿತು, ನನಗೆ ಆತನ ಪಿಸುಮಾತೂ ಕೇಳಿಸಿತು.

ಮೊನ್ನೆ ಕ್ರೀಡಾ ಸಮಿತಿಯವರು ಅಂಗಡಿಗೆ ಬಂದು, ಕ್ಲಬ್ಬಿನ ಗೋಡೆಗೆ ಆತನ ಫೋಟೋ ಹಾಕುವುದೆಂದು ತೀರ್ಮಾನವಾಗಿದೆ, ಆತನ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡಣ್ಣ ಎಂದರು. ‘ಬದುಕಿರೋ ಮನುಷ್ಯನ ಫೋಟೋ ಯಾಕ್ರಪ್ಪ?’ ಎಂದೆ. ‘ಅಂಗಲ್ಲ ಕಣಣ್ಣ, ಅವ್ರ ಕೊಡುಗೆ ಐತಲ್ಲ’ ಎಂದರು. ಕೊಡುಗೆ! ಸರಿ, ಆ ಕೊಡುಗೆ ಏನು ಅಂತಲೇ ಬರೆಯುತ್ತೇನೆ. ಅವರು ಗೋಡೆಗೆ ಹಾಕುತ್ತಾರೋ ಒಲೆಗೆ ಹಾಕುತ್ತಾರೋ ಅವರಿಗೆ ಬಿಟ್ಟದ್ದು.

ಆತ ಮೂಲದಲ್ಲಿ ಕೊರಟಗೆರೆ ಕಡೆಯವನು. ನಮ್ಮಲ್ಲಿ ಟೈಲ್ಸ್ ಅಂಗಡಿ ಇಟ್ಟ. ಆಗ ನಮ್ಮ ತಂಡದಲ್ಲಿ ಇದ್ದವರೆಲ್ಲ ಊರಿನವರೇ. ಒಬ್ಬ ಆಟೋ ಓಡಿಸುತ್ತಿದ್ದ, ಒಬ್ಬ ಕಟಿಂಗ್ ಶಾಪಿನವನು, ಇಬ್ಬರು ಐಟಿಐ ಓದುತ್ತಿದ್ದರು. ಸೋಲುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಸೆಮಿಫೈನಲ್ಲಿಗೆ ಹೋದರೆ ಅದೇ ದೊಡ್ಡ ಹಬ್ಬ. ಆದರೆ ಸೋತರೂ ಒಂದು ಸುಖವಿತ್ತು. ‘ಲೇ ಮಂಜಾ, ಮುದ್ದೆ ಉಂಡ್ಕಂಡು ಬರ್ಲಿಲ್ವೇನ್ಲಾ?’ ಅಂತ ಹೆಸರು ಹಿಡಿದು ಬೈಯಬಹುದಿತ್ತು. ಮಂಜನೂ ತಿರುಗಿ ಬೈಯುತ್ತಿದ್ದ. ಮಾರನೆಯ ದಿನ ಅದೇ ಮಂಜನ ಆಟೋದಲ್ಲಿ ನನ್ನ ಗೊಬ್ಬರದ ಮೂಟೆ ಹೋಗುತ್ತಿತ್ತು. ಈ ಟೈಲ್ಸಿನವನು ತಂಡಕ್ಕೆ ಜೆರ್ಸಿ ಹೊಲಿಸಿಕೊಟ್ಟ, ನೆಟ್ ತಂದುಕೊಟ್ಟ, ಹಿಂದೆಯೇ ಒಂದು ಕುರ್ಚಿ ತಂದು ತಾನೇ ಕೂತ. ಮ್ಯಾನೇಜರಾದ.

ನಮ್ಮ ಕಡೆ ಗೆಸ್ಟ್ ಪ್ಲೇಯರ್ ಅಂತ ಒಂದು ಪದ್ಧತಿ ಇದೆ. ಪಂದ್ಯಾವಳಿಗೆ ಹೊರಗಿನಿಂದ ಆಟಗಾರರನ್ನು ಕೂಲಿಗೆ ತರುವುದು. ಎಲ್ಲ ಊರಿನವರೂ ಒಬ್ಬರನ್ನೋ ಇಬ್ಬರನ್ನೋ ತರುತ್ತಿದ್ದರು, ಉಪ್ಪಿನಕಾಯಿ ಇದ್ದ ಹಾಗೆ. ಈತ ಊಟವನ್ನೇ ಉಪ್ಪಿನಕಾಯಿಯಿಂದ ಮಾಡಿದ. ಆರು ಜನಕ್ಕೆ ಆರೂ ಜನ ಹಿಂದೂಪುರ, ಅನಂತಪುರದವರು. ತಂಡದಲ್ಲಿ ಸ್ಥಳೀಯರು ಇರಲೇಬೇಕು ಎಂದು ಪಂದ್ಯಾವಳಿಯ ನಿಯಮ ಇತ್ತು. ಇರಬೇಕು ಅಂತ ಇತ್ತೇ ಹೊರತು ಆಡಬೇಕು ಅಂತ ಇರಲಿಲ್ಲ. ಆತ ನಿಯಮವನ್ನು ಚಾಚೂತಪ್ಪದೆ ಪಾಲಿಸಿದ. ನಮ್ಮವರನ್ನೆಲ್ಲ ಸಾಲಾಗಿ ಬೆಂಚಿನ ಮೇಲೆ ಕೂರಿಸಿದ. ನೀರಿನ ಬಾಟಲಿ ಕೊಡುವುದು, ಟವೆಲ್ ಕೊಡುವುದು, ಗೆದ್ದಾಗ ಓಡಿಹೋಗಿ ಕುಣಿಯುವುದು ಅವರ ಕೆಲಸ.

ಟೆಂಪೋದಿಂದ ಗೆಸ್ಟುಗಳು ಇಳಿಯುವಾಗ ಆತನ ಮುಖ ನೋಡಬೇಕಿತ್ತು. ಬೀಗರು ಬಂದರೂ ಯಾರೂ ಹಾಗೆ ಹಲ್ಲು ಬಿಡುವುದಿಲ್ಲ. ‘ತಿನ್ನಾರಾ ಬಾಬು? ಬಾಗುನ್ನಾರಾ?’ ಊಟ ಆಯ್ತಾ, ಚೆನ್ನಾಗಿದೀರಾ ಅಂತ ಜೇನು ಸುರಿಯುವ ತೆಲುಗು. ಅದೇ ಬಾಯಿ ಈ ಕಡೆ ತಿರುಗಿದರೆ, ‘ಲೇ, ನೀರ್ ಎಲ್ಲೋ? ಕತ್ತೆ ಕಾಯೋಕ್ ಬಂದಿದೀರಾ?’ ಅವರಿಗೆ ಬಿರಿಯಾನಿ, ನಮ್ಮವರಿಗೆ ಚಿತ್ರಾನ್ನ. ಇದನ್ನೆಲ್ಲ ಊರು ಕಣ್ಣಾರೆ ಕಂಡಿದೆ. ಕಂಡೂ ಚಪ್ಪಾಳೆ ಹೊಡೆದಿದೆ, ಯಾಕೆಂದರೆ ಕಪ್ ಬಂತು. ಮೊದಲ ವರ್ಷ ಬಂತು, ಮುಂದಿನ ವರ್ಷ ಮತ್ತೆ ಬಂತು, ಆಮೇಲೆ ಪಡಿತರದ ಅಕ್ಕಿಯ ಹಾಗೆ ಬರುತ್ತಲೇ ಹೋಯಿತು.

ಒಂದು ಸಲ ನಮ್ಮ ಊರಲ್ಲೇ ಗೆದ್ದಾಗ, ಅತ್ಯುತ್ತಮ ಆಟಗಾರನಿಗೆ ಮೈಕ್ ಕೊಟ್ಟು ಎರಡು ಮಾತು ಆಡಪ್ಪ ಎಂದೆ. ಪಾಪ, ಆ ಹುಡುಗನಿಗೆ ವಾರಕ್ಕೊಂದು ಊರು. ಎದೆಯ ಮೇಲೆ ಮಧುಗಿರಿ ಅಂತ ದೊಡ್ಡದಾಗಿ ಅಚ್ಚಾಗಿದೆ, ಕನ್ನಡ ಓದಲು ಬರಬೇಕಲ್ಲ! ಕೈ ಮುಗಿದು, ‘ಪಾವಗಡ ಪ್ರಜಲಂದರಿಕೀ ಥ್ಯಾಂಕ್ಸಂಡಿ’ ಎಂದ. ಮಧುಗಿರಿಯಲ್ಲಿ ನಿಂತು ಪಾವಗಡದ ಜನಕ್ಕೆಲ್ಲ ಥ್ಯಾಂಕ್ಸ್! ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಜನ ಶಿಳ್ಳೆ ಹೊಡೆದರು! ಮುಂದಿನ ಸಾಲಿನಲ್ಲಿ ಕೂತಿದ್ದ ರಂಗಪ್ಪಣ್ಣ ಅಂತೂ ಎದ್ದು ನಿಂತು ಹೊಡೆದ. ಈ ರಂಗಪ್ಪಣ್ಣ ರೆವಿನ್ಯೂ ಇಲಾಖೆಯಲ್ಲಿದ್ದು ರಿಟೈರ್ ಆದವನು, ನಮ್ಮ ಊರಿನ ಪ್ರೇಕ್ಷಕರಿಗೆಲ್ಲ ಮೇಟಿ. ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ‘ಎಲ್ಲೀವ್ರಾದ್ರೆ ಏನ್ ಮೈಕಪ್ಪ, ಕಪ್ ಎಲ್ಲೈತೆ ಅದು ಹೇಳು’ ಎಂದ.

ಕಪ್ ಎಲ್ಲಿತ್ತು? ಆತನ ಟೈಲ್ಸ್ ಅಂಗಡಿಯಲ್ಲಿತ್ತು. ವಾಷ್ ಬೇಸಿನ್ನು, ಕಮೋಡುಗಳ ಸಾಲಿನ ಮೇಲೆ ಗಾಜಿನ ಬೀರು, ಅದರೊಳಗೆ ಊರಿನ ಮರ್ಯಾದೆ. ಕ್ಲಬ್ಬಿನಲ್ಲಿ ಇಡಿ ಎಂದರೆ, ‘ಅಲ್ಲಿ ಧೂಳು ಜಾಸ್ತಿ’ ಎನ್ನುತ್ತಿದ್ದ. ಧೂಳು ಕಂಡರೆ ಆಗದ ಮನುಷ್ಯ ವಾಲಿಬಾಲಿಗೆ ಯಾಕೆ ಬಂದನೋ ದೇವರೇ ಬಲ್ಲ. ಗೆದ್ದಾಗ ಆತನ ಬಾಯಲ್ಲಿ ‘ನಾನು ಗೆದ್ದೆ’, ಸೋತಾಗ ‘ಹುಡುಗ್ರು ಸೋತ್ರು’. ಫೋಟೋ ತೆಗೆಯುವಾಗ ಕಪ್ ಆತನ ಎದೆಯ ಮೇಲೆ, ಆಟಗಾರರು ಆಚೆಯೀಚೆ ಅರ್ಧರ್ಧ. ಒಂದೆರಡು ಫೋಟೋಗಳಲ್ಲಿ ಸ್ಮ್ಯಾಷಿಗೆ ಬಾಲ್ ಎತ್ತಿಕೊಡುವ ಲಿಫ್ಟರ್ ಹುಡುಗನ ಮೊಣಕೈ ಮಾತ್ರ ಇದೆ.

ಇನ್ನು ಈರಲಿಂಗನ ವಿಷಯ. ಇದನ್ನು ಬರೆಯುವಾಗ ನನಗೆ ರಕ್ತ ಕುದಿಯುತ್ತದೆ.

ಈರಲಿಂಗ ನಮ್ಮ ಕೋಟೆ ಬೀದಿಯ ಹುಡುಗ. ಪಾವಗಡದ ಆಚೆ ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ. ಅಷ್ಟು ದೂರದಿಂದ ಬೈಕಿನಲ್ಲಿ ಬಂದು, ಮೈಯೆಲ್ಲ ಬಿಸಿಲು ಕುಡಿದಿದ್ದರೂ ನೆಟ್ ಕಟ್ಟಿ ಪ್ರಾಕ್ಟೀಸ್ ಮಾಡುತ್ತಿದ್ದ. ಎಡಗಡೆಯಿಂದ ಹಾರಿ ಸ್ಮ್ಯಾಷ್ ಹೊಡೆದನೆಂದರೆ ಎದುರಿಗೆ ನಿಂತವನು ಕೈ ಒಡ್ಡುವ ಬದಲು ಮುಖ ಮುಚ್ಚಿಕೊಳ್ಳುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ, ನಮ್ಮ ಊರಿನ ಅಂಕಣದಲ್ಲಿ, ನಮ್ಮ ಜನರ ಮುಂದೆ ಒಂದು ಫೈನಲ್ ಆಡಬೇಕು. ಅಷ್ಟೇ. ನೌಕರಿ ಕೇಳಲಿಲ್ಲ, ಹೆಸರು ಕೇಳಲಿಲ್ಲ. ‘ಒಂದೇ ಒಂದು ಸೆಟ್ ಆಡುಸ್ಬುಡಿ ಸಾ, ಸಾಕು’ ಎಂದು ಆತನ ಹಿಂದೆ ತಿರುಗಿದ್ದನ್ನು ನಾನು ಕಂಡಿದ್ದೇನೆ. ‘ಮುಂದಿನ್ ಸಲ ನೋಡಣ’ ಎನ್ನುತ್ತಿದ್ದ ಆತ. ಮುಂದಿನ ಸಲಗಳು ಬಂದವು, ಹೋದವು. ಈರಲಿಂಗನ ಮದುವೆಯಾಯಿತು, ಒಂದು ಮಗುವಾಯಿತು, ನೆತ್ತಿಯ ಕೂದಲೂ ತೆಳ್ಳಗಾಗುತ್ತಾ ಬಂತು. ಬೆಂಚು ಮಾತ್ರ ಬದಲಾಗಲಿಲ್ಲ.

ಒಂದು ಫೈನಲ್ ನೆನಪಿದೆ. ನಮ್ಮ ಊರಲ್ಲೇ, ಸಂಜೆಯ ಹೊತ್ತು. ಎರಡು ಸೆಟ್ ಆಗಲೇ ಗೆದ್ದಾಗಿತ್ತು, ಮೂರನೆಯದರಲ್ಲಿ ಎದುರಾಳಿಗಳು ಕೈಚೆಲ್ಲಿ ನಿಂತಿದ್ದರು. ಯಾರನ್ನು ಇಳಿಸಿದರೂ ಗೆಲ್ಲುವ ಆಟ. ಈರಲಿಂಗ ತನ್ನ ತಾಯಿಯನ್ನು ಕರೆತಂದಿದ್ದ. ಆಯಮ್ಮ ಹೊಸ ಸೀರೆ ಉಟ್ಟುಕೊಂಡು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ನಾನು ತಡೆಯಲಾರದೆ ಮೈಕ್ ಆಫ್ ಮಾಡಿ, ‘ಇವಾಗಾದ್ರೂ ಇಳುಸಿ ಸಾರ್, ಪುಣ್ಯ ಬತ್ತದೆ’ ಎಂದೆ. ಆತ ಬೆರಳು ಮಾಡಿ ಈರಲಿಂಗನನ್ನು ಕರೆದ. ಈರಲಿಂಗ ಒಂದೇ ನೆಗೆತಕ್ಕೆ ಎದ್ದ, ಟ್ರ್ಯಾಕ್ ಪ್ಯಾಂಟ್ ಕಳಚಿದ, ಕೈಗೆ ಮಣ್ಣು ಉಜ್ಜಿಕೊಂಡು ಗೆರೆಯ ಹತ್ತಿರ ಬಂದು ನಿಂತ. ಆ ಕಡೆ ಆಯಮ್ಮ ಪಕ್ಕದವಳ ಕೈ ಹಿಡಿದುಕೊಂಡಿದ್ದು ನನಗೆ ಕಾಣುತ್ತಿತ್ತು. ಆತ ಅವನ ಹೆಗಲ ಮೇಲೆ ಕೈ ಹಾಕಿ ಹೇಳಿದ ಮಾತು ಇದು: ‘ಲೇ, ಗೆಸ್ಟುಗಳ ಟೆಂಪೋ ಬಂತಾ ನೋಡ್ಕಂಡ್ ಬಾ.’

ಈರಲಿಂಗ ಚಡ್ಡಿಯಲ್ಲೇ ಜನರ ಮಧ್ಯೆ ನಡೆದು ರಸ್ತೆಗೆ ಹೋದ, ಟೆಂಪೋ ನೋಡಿಕೊಂಡು ಬಂದ, ‘ಬಂದೈತೆ ಸಾ’ ಎಂದು ಹೇಳಿ ಮತ್ತೆ ಕೂತ. ಅವನ ತಾಯಿ ಕಪ್ ಕೊಡುವವರೆಗೂ ಇರಲಿಲ್ಲ, ಸೆರಗು ಹೊದ್ದು ಎದ್ದು ಹೋದಳು. ಮನುಷ್ಯನಾದವನು ಮಾಡುವ ಕೆಲಸವೇ ಅದು? ಥೂ!

ಆಮೇಲೆ ನಾನು ಜಗಳಕ್ಕೇ ಹೋದೆ. ಆತ ಕರವಸ್ತ್ರದಿಂದ ಬೂಟು ಒರೆಸಿಕೊಳ್ಳುತ್ತಾ ತಣ್ಣಗೆ ಹೇಳಿದ: ‘ಗೆಲ್ಲೋ ಟೈಮಲ್ಲಿ ಎಕ್ಸ್‌ಪೆರಿಮೆಂಟ್ ಮಾಡ್ಬಾರ್ದು ಕಣಯ್ಯ. ಸೋಲೋ ಟೈಮಲ್ಲಂತೂ ಮಾಡ್ಲೇಬಾರ್ದು.’ ಎರಡೂ ಅಲ್ಲದ ಟೈಮ್ ಯಾವುದು ಎಂದು ನನಗಂತೂ ಇವತ್ತಿನವರೆಗೆ ತಿಳಿದಿಲ್ಲ.

ಒಂದು ದಿನ ಆತ, ಡಾಕ್ಟರು ಟೆನ್ಷನ್ ಬೇಡ ಅಂದಿದ್ದಾರೆ, ಬಿಪಿ ಏರುತ್ತಿದೆ, ಜವಾಬ್ದಾರಿ ಬಿಡುತ್ತೇನೆ ಎಂದ. ಊರು ಗೋಳಾಡಿತು. ಬೀಳ್ಕೊಡುಗೆಗೆ ಶಾಮಿಯಾನ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ‘ಕ್ರೀಡಾ ಭಗೀರಥ’ ಎಂದು ಬಿರುದು ಬೇರೆ. ಗಂಗೆಯನ್ನು ಹಿಂದೂಪುರದಿಂದ ಟೆಂಪೋದಲ್ಲಿ ತಂದ ಭಗೀರಥ! ಆತ ಮಾತಾಡುತ್ತಾ ಅತ್ತ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕ್ಯಾಮೆರಾದವನು ಬಂದನೋ ಇಲ್ಲವೋ ನೋಡಿ ಮತ್ತೊಮ್ಮೆ ಅತ್ತ. ಶಾಲನ್ನು ಮಡಿಸಿ ಕಾರಿಗೆ ಕೊಂಡೊಯ್ದವನು ಈರಲಿಂಗನೇ. ಮಾರನೆಯ ವಾರ ಟೈಲ್ಸ್ ಅಂಗಡಿಯ ಗಾಜಿನ ಬೀರು ಖಾಲಿಯಾಗಿತ್ತು. ಆತ ಊರು ಬಿಟ್ಟಿದ್ದ, ಕಪ್‌ಗಳೂ ಆತನ ಜೊತೆಗೇ ಹೋಗಿದ್ದವು. ಕೇಳಲು ಯಾರಿಗೂ ಧೈರ್ಯವಿಲ್ಲ, ಭಗೀರಥನಲ್ಲವೇ.

ಆಮೇಲೆ ಬಸ್ ಸ್ಟ್ಯಾಂಡಿನ ಟೀ ಹೋಟೆಲಿನಲ್ಲಿ ಶುರುವಾಯಿತು ಆತನನ್ನು ತೂಗುವ ಕೆಲಸ. ದೊಡ್ಡ ದೊಡ್ಡ ನ್ಯಾಯಾಧೀಶರೆಲ್ಲ ಅಲ್ಲೇ ಬೆಂಚಿನ ಮೇಲೆ ಕಾಲು ಮಡಿಸಿ ಕೂತಿರುತ್ತಿದ್ದರು. ಬದುಕಿನಲ್ಲಿ ಒಮ್ಮೆಯೂ ಬಾಲ್ ಮುಟ್ಟದವರು. ‘ಅವ್ರು ಬರೋಕ್ ಮುಂಚೆ ನಾವೇನಾಗಿದ್ವಿ? ಈಗ ಮದುಗಿರಿ ಅಂದ್ರೆ ಶಿರಾದೋರು ನಡುಗ್ತಾರೆ’ ಎಂದ ರಂಗಪ್ಪಣ್ಣ. ನಾನು ಕೇಳಿದೆ, ‘ನಮ್ಮೂರಿನ ಒಬ್ಬ ಹುಡುಗನ ಹೆಸರು ಹೇಳು ರಂಗಪ್ಪಣ್ಣ, ಈ ಕಪ್ ಗೆದ್ದೋನು.’ ಅವನು ಟೀ ಕುಡಿದ, ಬೀಡಿ ಹಚ್ಚಿದ, ಬೀದಿ ನೋಡಿದ. ‘ನೀನ್ ಬರೀ ಹುಳುಕು ಹುಡುಕ್ತೀಯ ಮೈಕಪ್ಪ. ಹೊಟ್ಟೆಕಿಚ್ಚು ನಿನಗೆ’ ಎಂದ. ಎಲ್ಲರೂ ನಕ್ಕರು. ಟೀಯವನೂ ನಕ್ಕ.

ಅಲ್ಲಿಂದ ಬಹಳ ದಿನವಾಗಿರಲಿಲ್ಲ, ಹುಲಿಕುಂಟೆಯಲ್ಲಿ ಒಂದು ಪಂದ್ಯಕ್ಕೆ ಮೈಕ್ ಹಿಡಿಯಲು ಹೋದೆ. ಶಿರಾ ತಂಡದ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಮೊದಲು ಬೂಟು ಕಂಡಿತು. ಹೊಸದು, ಇನ್ನೂ ಬೆಳ್ಳಗಿತ್ತು. ಶಿರಾದ ಹೈವೇ ಪಕ್ಕ ಟೈಲ್ಸ್ ಅಂಗಡಿಯ ಬ್ರಾಂಚ್ ತೆಗೆದಿದ್ದಾನೆ, ಬಿಪಿ ಇಳಿದಿದೆ, ಶಿರಾದ ಮ್ಯಾನೇಜರಾಗಿದ್ದಾನೆ. ‘ಏನಪ್ಪ, ಚೆನ್ನಾಗಿದೀಯಾ?’ ಎಂದ, ಏನೂ ನಡೆದೇ ಇಲ್ಲ ಅನ್ನುವ ಹಾಗೆ.

ಅಷ್ಟರಲ್ಲಿ ನಮ್ಮ ಊರಿಗೆ ಹೊಸ ಮ್ಯಾನೇಜರ್ ಬಂದಿದ್ದ. ಜನರ ಕಾಟ ತಡೆಯಲಾರದೆ ಅವನೂ ಅದೇ ಟೆಂಪೋ, ಅದೇ ಹಿಂದೂಪುರ ಹಿಡಿದ. ಈರಲಿಂಗ ಅವನ ಹತ್ತಿರವೂ ಹೋಗಿ ಒಂದು ಸೆಟ್ ಕೇಳಿದ. ‘ಈ ವರ್ಷ ಕಪ್ ಮುಖ್ಯ ಕಣಪ್ಪ’ ಎಂದನಂತೆ.

ಆಗ ಶಿರಾದಿಂದ ಈರಲಿಂಗನಿಗೆ ಫೋನ್ ಬಂತು. ಮಾಡಿದವನು ಆತನೇ! ಶಿರಾ ತಂಡಕ್ಕೆ ಗೆಸ್ಟ್ ಆಗಿ ಬಾ ಎಂದು. ಈರಲಿಂಗ ಆಗ ನನ್ನ ಅಂಗಡಿಯಲ್ಲೇ ಇದ್ದ. ಸ್ಪೀಕರ್ ಹಾಕಿ ಕೇಳಿದ್ದು ಒಂದೇ ಪ್ರಶ್ನೆ, ‘ಆಡುಸ್ತೀರೋ, ಕೂರುಸ್ತೀರೋ ಸಾ?’

‘ಆಡ್ಸಕ್ಕೇ ಕರೀತಿರೋದು. ಶಿರಾಕ್ಕೆ ನೀನು ಹೊರಗಿನೋನು ಕಣೋ’ ಎಂದ ಆತ.

ನನಗೆ ತಡೆಯಲಾಗಲಿಲ್ಲ. ಫೋನ್ ಕಿತ್ತುಕೊಂಡು, ‘ಅಲ್ಲ ಸ್ವಾಮಿ, ಇವ್ನು ಇಷ್ಟು ಚೆನ್ನಾಗಿ ಆಡ್ತಾನೆ ಅಂತ ಗೊತ್ತಿದ್ದೂ ಅಷ್ಟು ವರ್ಷ ಕೊಳೆ ಹಾಕಿದ್ರಲ್ಲ, ನಿಮಗೆ ಮನಸ್ಸು ಅನ್ನೋದು ಇಲ್ವಾ?’ ಎಂದೆ. ಆತ ನಕ್ಕ. ‘ಹೊರಗಿನೋನು ಒಂದು ಬಾಲ್ ಬಿಟ್ರೆ ನಿಮ್ಮೂರೋರು ಪಾಪ ಅಂತಾರೆ. ಈರಲಿಂಗ ಬಿಟ್ಟಿದ್ರೆ ಅವನ ಅಪ್ಪ ಅಮ್ಮನ್ನೆಲ್ಲ ಎಳೀತಿದ್ರು, ಜೊತೆಗೆ ನನ್ನೂ. ನಿಮ್ಮ ಜನ ನಿಮಗಿಂತ ನಂಗೆ ಚೆನ್ನಾಗಿ ಗೊತ್ತು ಕಣಯ್ಯ.’ ಹಾಳಾದವನು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಆತನ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ, ಆ ಮಾತು ಪೂರ್ತಿ ಸುಳ್ಳಲ್ಲವಲ್ಲ ಎನ್ನುವುದಕ್ಕೇ.

ಹೋಗಬೇಡ ಎಂದು ಈರಲಿಂಗನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಲಿ? ಅವನು ಹೋದ.

ಈ ವರ್ಷದ ಫೈನಲ್ ನಮ್ಮ ಮಧುಗಿರಿಯಲ್ಲೇ ಬಿತ್ತು. ಶಿರಾಕ್ಕೂ ನಮಗೂ. ಪಂದ್ಯಕ್ಕೆ ಮುಂಚೆ ಈರಲಿಂಗ ನನ್ನ ಮೇಜಿನ ಹತ್ತಿರ ಬಂದ. ಗಡ್ಡ ಬಿಟ್ಟಿದ್ದ, ಹಣೆಗೆ ಪಟ್ಟಿ ಕಟ್ಟಿದ್ದ, ಶಿರಾದ ನೀಲಿ ಜೆರ್ಸಿ. ‘ಅಣ್ಣ, ಹೆಸರು ಕೂಗ್ಬ್ಯಾಡ, ನಂಬರ್ ಕೂಗು. ಹೆಸರು ಗೊತ್ತಾದ್ರೆ ಬೈಯಕ್ಕೆ ಸುರು ಮಾಡ್ತಾರೆ, ಆಟ ಕೆಡ್ತದೆ’ ಎಂದ. ಗೆಸ್ಟುಗಳನ್ನು ನಂಬರಿನಲ್ಲೇ ಕೂಗುವುದು ವಾಡಿಕೆ, ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ‘ಅಮ್ಮ ಬಂದವ್ಳಾ?’ ಎಂದು ಕೇಳಿದೆ. ‘ಇಲ್ಲ ಕಣಣ್ಣ. ನಾನೇ ಹೇಳಿಲ್ಲ’ ಎಂದ.

ಆಟ ಶುರುವಾಯಿತು. ಮಧುಗಿರಿ ಎಂದು ಬರೆದ ಜೆರ್ಸಿಯಲ್ಲಿ ಆರು ಜನ ಹೊರಗಿನವರು. ಅಂಕಣದಲ್ಲಿ ಇದ್ದ ಮಧುಗಿರಿಯವನು ಒಬ್ಬನೇ, ಅವನ ಎದೆಯ ಮೇಲೆ ಶಿರಾ. ಶಿರಾದ ಕುರ್ಚಿಯಲ್ಲಿ ಆತ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಮ್ಮ ಜನರೇ ಹೋಗಿ ಆತನಿಗೆ ಹಾರ ಹಾಕಿದ್ದರು, ಕೊಡುಗೆ ಮರೆಯಬಾರದಲ್ಲ!

ಈರಲಿಂಗ ಆವತ್ತು ಆಡಿದ ಆಟವನ್ನು ನಾನು ಹೇಗೆ ಹೇಳಲಿ. ಅಷ್ಟು ವರ್ಷ ಬೆಂಚಿನಲ್ಲಿ ಕೂತು ಕೂತು ಒಳಗೇ ಇಟ್ಟುಕೊಂಡದ್ದನ್ನೆಲ್ಲ ಹೊರಗೆ ತಂದ. ಎಡಗಡೆಯಿಂದ ಹಾರುತ್ತಿದ್ದ, ಒಂದು ಕ್ಷಣ ಮೇಲೆಯೇ ನಿಂತ ಹಾಗೆ ಕಾಣುತ್ತಿತ್ತು, ಆಮೇಲೆ ಕೆಮ್ಮಣ್ಣು ಎದ್ದದ್ದಷ್ಟೇ ಕಾಣುತ್ತಿತ್ತು. ‘ಶಿರಾ, ನಂಬರ್ ಏಳು!’ ಎಂದು ಕೂಗಿ ಕೂಗಿ ನನ್ನ ಧ್ವನಿ ಬಿದ್ದುಹೋಯಿತು. ಮೊದಲು ಸುಮ್ಮನಿದ್ದ ನಮ್ಮ ಜನ ಮೆಲ್ಲಗೆ ಅವನ ಹೊಡೆತಕ್ಕೆ ‘ಹೋ’ ಎನ್ನತೊಡಗಿದರು. ಕೊನೆಯ ಸೆಟ್ಟಿನಲ್ಲಿ ನಮ್ಮ ತಂಡ ಸೋಲುತ್ತಿದ್ದರೂ ಇಡೀ ಮೈದಾನ ಏಳನೇ ನಂಬರಿಗಾಗಿ ಶಿಳ್ಳೆ ಹೊಡೆಯುತ್ತಿತ್ತು. ಕೊನೆಯ ಪಾಯಿಂಟನ್ನೂ ಅವನೇ ಹೊಡೆದ. ಜನ ಎದ್ದು ನಿಂತರು. ಈರಲಿಂಗ ಸೊಂಟಕ್ಕೆ ಕೈ ಇಟ್ಟು, ಏದುಸಿರು ಬಿಡುತ್ತಾ, ಚಪ್ಪಾಳೆ ಹೊಡೆಯುತ್ತಿರುವ ತನ್ನ ಊರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

ರಂಗಪ್ಪಣ್ಣ ಮುಂದಿನ ಸಾಲಿನಿಂದ ಎದ್ದು ನನ್ನ ಮೇಜಿಗೆ ಬಂದ. ಅವನ ಕಣ್ಣಲ್ಲಿ ನೀರಿತ್ತು. ‘ಏನ್ ಹೊಡೆತ ಮೈಕಪ್ಪ, ಏನ್ ಹೊಡೆತ! ಅದಕ್ಕೇ ಹೇಳೋದು ಮ್ಯಾನೇಜರ್ ಸಾರ್ ಕಣ್ಣು ಕಣ್ಣೇ ಅಂತ. ಯಾರ್ ಅವ್ನು? ಅನಂತಪುರದೋನಾ? ಎಲ್ಲಿಂದ ಹುಡುಕ್ಕಂಡ್ ಬತ್ತಾರಪ್ಪ ಇಂಥೋರ್ನ?’

ನಾನು ಮೈಕಿನ ಮೇಲೆ ಕೈ ಮುಚ್ಚಿ, ‘ಈರಲಿಂಗ ಕಣ್ ರಂಗಪ್ಪಣ್ಣ. ನಮ್ ಕೋಟೆ ಬೀದಿ ಈರಲಿಂಗ. ನಿನ್ನ ಮುಂದೇನೆ ಅಷ್ಟು ವರ್ಷ ಕೂತಿದ್ನಲ್ಲ’ ಎಂದೆ.

ಅವನು ಅಂಕಣದ ಕಡೆ ಒಂದು ಸಲ ನೋಡಿದ, ನನ್ನ ಮುಖ ನೋಡಿದ, ತಲೆ ಕೊಡವಿ ನಕ್ಕುಬಿಟ್ಟ.

‘ಬುಡಯ್ಯ ತಮಾಸೆಯ. ನಮ್ಮೂರೋರು ಎಲ್ಲಾದ್ರೂ ಇಂಗೆ ಆಡ್ತಾರಾ?’